ಬಾದಾಮಿಯಲ್ಲಿ ಮಂಗಗಳಿಲ್ಲ

ಬಾದಾಮಿಯಲ್ಲಿ ಮಂಗಗಳಿಲ್ಲ ಎಂದು ಒಂದು ಸರಕಾರಿ ಕಾಗದದಲ್ಲಿ ಬರೆದಿದೆ. ಬರೆದವನು ನಾನೇ. ಅದರ ಕೆಳಗೆ ನಾಲ್ಕು ಸಹಿಗಳೂ ಒಂದು ಹೆಬ್ಬೆಟ್ಟೂ ಇವೆ. ಬಾದಾಮಿಯನ್ನು ಒಮ್ಮೆಯಾದರೂ ಕಂಡವರು ಇದನ್ನು ನಂಬಲಾರರು. ಆದರೆ ಆ ವಾಕ್ಯ ಹೇಗೆ ಹುಟ್ಟಿತು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಹೇಳಬಲ್ಲವರು ಈಗ ನಾವು ಮೂರೋ ನಾಲ್ಕೋ ಜನ. ಉಳಿದವರಿಗೆ ಹೇಳಲು ಮನಸ್ಸಿಲ್ಲ.

ಅದು ೧೯೫೮ನೆಯ ಇಸವಿ. ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮಗೆ ತರ್ಕಶಾಸ್ತ್ರ ಹೇಳುತ್ತಿದ್ದವರು ಪಂಢರೀನಾಥ ಗಲಗಲಿ ಎಂಬವರು. ಎಂಟು ವರ್ಷಗಳಿಂದ ಹಂಗಾಮಿ. ಪ್ರತಿ ಜೂನಿನಲ್ಲಿ ಅವರ ನೌಕರಿ ತೀರಿಕೊಳ್ಳುತ್ತಿತ್ತು, ಪ್ರತಿ ಜುಲೈಯಲ್ಲಿ ಮತ್ತೆ ಹುಟ್ಟುತ್ತಿತ್ತು. ನಡುವಿನ ಆ ಹದಿನೈದು ದಿನ ಅವರು ರಸ್ತೆಯಲ್ಲಿ ಸಿಕ್ಕರೆ ನಾವು ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯುತ್ತಿರಲಿಲ್ಲ. ಕೋಟಿನ ಗುಂಡಿಗಳನ್ನು ಅವರು ಯಾವಾಗಲೂ ಒಂದು ಮನೆ ತಪ್ಪಿಸಿ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಸಂಸ್ಕೃತದ ಕ್ಲಾಸಿಗೆ ಹೋಗಿ ಒಂದು ತಾಸು ತರ್ಕ ಕಲಿಸಿ ಬಂದರು. ಅಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಸಂಸ್ಕೃತದ ಶಾಸ್ತ್ರಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡರೆಂದು ಹೇಳುತ್ತಾರೆ.

ಆ ಜನವರಿಯಲ್ಲಿ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ವಿದ್ಯಾರ್ಥಿಗಳು ಬರೀ ಬಾಯಿಪಾಠ ಮಾಡಿ ಪಾಸಾಗುತ್ತಿದ್ದಾರೆ. ಇನ್ನು ಮುಂದೆ ಅವರು ಜೀವನದ ಒಂದು ನಿಜವಾದ ಸಮಸ್ಯೆಯನ್ನು ಹಿಡಿದು, ನೋಡಿ, ಯೋಚಿಸಿ, ಬಗೆಹರಿಸಬೇಕು. ಇದರಿಂದ ಅವರಲ್ಲಿ ವೃತ್ತಿಬುದ್ಧಿ ಬೆಳೆಯತಕ್ಕದ್ದು. ಅದಕ್ಕೆ ಅಂಕಗಳಿವೆ, ಅಂಕ ಕೊಡಲು ಮಾರ್ಚಿನಲ್ಲಿ ಒಬ್ಬ ಪರೀಕ್ಷಕರು ಬರುತ್ತಾರೆ. ವೃತ್ತಿಬುದ್ಧಿ ಎಂದರೇನು ಎಂದು ಇಡೀ ಕಾಲೇಜಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಆದ್ದರಿಂದ ಪ್ರಿನ್ಸಿಪಾಲರು ಸಭೆ ಕರೆದರು. ಎಲ್ಲರೂ ಮುಂಚೆಯೇ ಬಂದು ಗೋಡೆಗೆ ಅಂಟಿಕೊಂಡು ಕುಳಿತರು. ಗಲಗಲಿಯವರು ತಡವಾಗಿ ಬಂದರು. ಖಾಲಿ ಇದ್ದದ್ದು ಪ್ರಿನ್ಸಿಪಾಲರ ಮಗ್ಗುಲಿನ ಕುರ್ಚಿ ಒಂದೇ.

"ಬರ್ರಿ ಗಲಗಲಿಯವರ," ಎಂದರು ಪ್ರಿನ್ಸಿಪಾಲರು. "ಯಾರಾದರೂ ಮುಂದ ಬರ್ತಾರೇನೋ ಅಂತ ದಾರಿ ನೋಡ್ಲಿಕ್ಕೆ ಹತ್ತಿದ್ದೆ, ನೀವ ಬಂದ್ರಿ. ನಿಮ್ಮ ಕಾಯಂ ಕಾಗದಾನೂ ಈ ವರ್ಷ ಮಂಡಳಿ ಮುಂದ ಇಡೂದದ. ಇದೊಂದು ಚಂದಾಗಿ ಆಗಿಬಿಡಲಿ."

ಅಭಿನಂದನೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವುದಕ್ಕೆ ಎಂದು ಗಲಗಲಿಯವರು ಮಗ್ಗುಲಿನವರನ್ನು ಕೇಳಿದರು.

ತರ್ಕಶಾಸ್ತ್ರ ತೆಗೆದುಕೊಂಡವರು ನಾವು ಮೂವರು. ನಾನು, ಅಂದರೆ ರಾಘವೇಂದ್ರ. ಹುನಗುಂದದ ಕಡೆಯ ಒಕ್ಕಲಿಗರ ಹುಡುಗ ಗಾಳೆಪ್ಪ. ಇಳಕಲ್ಲಿನ ನೇಕಾರರ ಮನೆಯ ನಜೀರ. ಗಲಗಲಿ ಸರ ಒಂದು ಕಾರ್ಡಿನ ಮೇಲೆ ನಾಲ್ಕು ಮೆಟ್ಟಿಲು ಬರೆದುಕೊಂಡು ಬಂದಿದ್ದರು: ನೋಡುವುದು, ಕಾರಣ ಹುಡುಕುವುದು, ಉಪಾಯ ಯೋಚಿಸುವುದು, ಮಾಡಿ ನೋಡುವುದು. ಸಮಸ್ಯೆ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

"ಸರ, ಹಾಸ್ಟೇಲಿನ ಬಾವಿಗೆ ಹಗ್ಗ ಇಲ್ಲದ ಎರಡು ತಿಂಗಳಾತ್ರಿ," ಎಂದ ಗಾಳೆಪ್ಪ.

"ಅದು ಮಂಡಳಿಯವರ ಸಮಸ್ಯಾಪಾ. ಅದಕ್ಕ ಕೈ ಹಚ್ಚೂದು ಬ್ಯಾಡ."

"ಇಳಕಲ್ ಬಸ್ಸು ಹುನಗುಂದದಾಗ ಒಂದು ತಾಸು ಸುಮ್ಮನ ನಿಂದರತೈತ್ರಿ ಸರ," ಎಂದ ನಜೀರ. "ಡ್ರೈವರನ ಬೀಗರ ಮನಿ ಅಲ್ಲೇ ಐತಿ."

"ಅದು ಸಂಸಾರದ ಸಮಸ್ಯಾ."

ಹೀಗೆ ಒಂದು ವಾರ ಹೋಯಿತು. ಬಾಗಲಕೋಟೆಯಲ್ಲಿ ಸಮಸ್ಯೆಗಳಿಗೆ ಕೊರತೆ ಇರಲಿಲ್ಲ, ಆದರೆ ಪ್ರತಿಯೊಂದೂ ಯಾರದೋ ಆಗಿತ್ತು. ಕೊನೆಗೆ ಸಮಸ್ಯೆ ಸರ ಅವರ ಮನೆಗೇ ಅಂಚೆಯಲ್ಲಿ ಬಂತು. ಅವರ ಅತ್ತೆ ಪ್ರೇಮಾಬಾಯಿ ಬಾದಾಮಿಯಿಂದ ಮಗಳಿಗೆ ಕಾಗದ ಬರೆದಿದ್ದರು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನು ಮಂಗಗಳು ಒಂದೂ ಬಿಡದೆ ತಿಂದವು, ಬೆಳಕಿಂಡಿಯಿಂದ ಇಳಿದು ಅಡಿಗೆಮನೆಗೂ ಬರುತ್ತವೆ, ಮನೆಯಲ್ಲಿ ಗಂಡಸರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಸರ ಅವರ ಹೆಂಡತಿ ಕುಮುದಿನಿಬಾಯಿ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿದರು. "ಊರ ಮಂದಿಗೆ ಬುದ್ಧಿ ಹೇಳ್ತೀರಿ. ನಮ್ಮವ್ವನ ಸಂಡಿಗಿ ಕಾಯೂದು ಯಾರಿಂದಾಗ್ತದ?"

ಮರುದಿನ ಸರ ಕ್ಲಾಸಿಗೆ ಬಂದು, "ಸಮಸ್ಯಾ ಸಿಕ್ತು," ಎಂದರು. ಅವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮುಂಚೆ ನೋಡಿರಲಿಲ್ಲ.

ಬಾದಾಮಿ ಸ್ಟೇಶನ್ನಿನಿಂದ ಊರಿಗೆ ಮೂರು ಮೈಲು ಟಾಂಗಾದಲ್ಲಿ ಹೋದೆವು. ಸರ ಹೊಸ ಟೊಪ್ಪಿಗೆ ಹಾಕಿದ್ದರು. ಅತ್ತೆಯ ಮನೆ ಎಂಬ ಕಾರಣಕ್ಕೋ ಏನೋ, ಸಹಿಯ ಕೆಳಗೆ ಒತ್ತುವ ಕಾಲೇಜಿನ ರಬ್ಬರ ಶಿಕ್ಕೆಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದರು. ಪ್ರೇಮಾಬಾಯಿ ಅವಲಕ್ಕಿ, ಚಹಾ ಕೊಟ್ಟು, ಹಿತ್ತಲ ಗೋಡೆಯ ಆಚೆಗೆ ಕೂಗಿ ಹೇಳಿದರು:

"ನಮ್ಮ ಅಳಿಯಂದ್ರು ಬಂದಾರವಾ. ಮಂಗ್ಯಾನ ಬಂದೋಬಸ್ತ ಮಾಡ್ಲಿಕ್ಕೆ ಕಾಲೇಜಿನಿಂದ ಕಳಿಸ್ಯಾರ."

ಗೋಡೆಯ ಆಚೆಗೆ ಹೋದ ಮಾತು ಓಣಿಯ ಬಾಯಿಗೆ ಹೋಗುವಷ್ಟರಲ್ಲಿ 'ಕಾಲೇಜು' ಉದುರಿ 'ಸರಕಾರ' ಆಗಿತ್ತು. ಊರಬಾಗಿಲ ಅಗಸೆಯ ತನಕ ಹೋಗುವಷ್ಟರಲ್ಲಿ, ಮಂಗ್ಯಾನ ಸಾಹೇಬರು ಬಂದಿದ್ದಾರೆ, ಯಾರ ಯಾರ ಮನೆಯಲ್ಲಿ ಏನೇನು ಹೋಗಿದೆಯೋ ಬರೆದುಕೊಳ್ಳುತ್ತಾರೆ, ಬರೆಸಿದವರಿಗೆ ಅನುಕೂಲವಿದೆ ಎಂದಾಗಿತ್ತು. ನಾವು ಚಹಾ ಮುಗಿಸಿ ಹೊರಗೆ ಬರುವಾಗ ಕಟ್ಟೆಯ ಮುಂದೆ ಸಾಲು ನಿಂತಿತ್ತು.

ಮೊದಲ ಮೆಟ್ಟಿಲು, ನೋಡುವುದು. ಸರ ಕೇಳುವುದು, ನಾನು ಬರೆಯುವುದು, ನಜೀರ ಮಾಳಿಗೆ ಹತ್ತಿ ಮಂಗಗಳನ್ನು ಎಣಿಸುವುದು, ಗಾಳೆಪ್ಪ ಸುಮ್ಮನೆ ನಿಲ್ಲುವುದು ಎಂದು ಕೆಲಸ ಹಂಚಿದ್ದರು. ಗಾಳೆಪ್ಪನಿಗೆ ಕೊಟ್ಟ ಕೆಲಸವೇ ಅವನಿಂದ ಆಗಲಿಲ್ಲ.

ಮೊದಲು ಬಂದವಳು ರೊಟ್ಟಿ ಮೊಸರು ಮಾರುವ ಹನಮವ್ವ.

"ಮಂಗ ಯಾವ ದಿಕ್ಕಿನಿಂದ ಬಂತವಾ?" ಎಂದರು ಸರ.

"ದಿಕ್ಕ ನೋಡಾಕ ಪುರಸೊತ್ತ ಕೊಡತಾವೇನ್ರಿ ಅವು? ಬುಟ್ಟಿ ತಲಿ ಮ್ಯಾಲಿತ್ತು. ತಲಿ ಹಗರಾತು. ತಿರುಗಿ ನೋಡಿದ್ರ ಗುಡಿ ಮ್ಯಾಲ ಕುಂತು ತಿನ್ನಾಕ ಹತ್ತಿತ್ತು."

"ಎಷ್ಟು ರೊಟ್ಟಿ ಇದ್ದುವು?"

"ನಾ ಎಣಿಸಿಲ್ರಿ. ಅದು ಎಣಿಸಿದ್ರ ಎಣಿಸಿರಬೇಕು."

ಹನಮವ್ವ ಹೇಳಿದ್ದು ಖರೆ. ಆ ದಿನ ಬರೆದುಕೊಂಡದ್ದರಲ್ಲಿ ಖರೆ ಇದ್ದದ್ದು ಅದೊಂದೇ. ಅವಳ ಹಿಂದೆ ದುರಗಪ್ಪ ಎಂಬವನು ತನ್ನ ಎಡಗಾಲಿನ ಮೆಟ್ಟನ್ನು ಮಂಗ ಒಯ್ದಿತೆಂದ. "ಅದನ್ನ ನಮ್ಮಣ್ಣನ ಮನ್ಯಾಗ ಬಿಟ್ಟು ಬಂದಾನ್ರಿ!" ಎಂದು ಅವನ ಹೆಂಡತಿ ಸಾಲಿನ ತುದಿಯಿಂದ ಕೂಗಿದಳು. "ಸಾಹೇಬ್ರ ಮುಂದ ಮನಿ ಮಾತು ತಗೀಬ್ಯಾಡ," ಎಂದ ದುರಗಪ್ಪ. ಒಬ್ಬ ಸಾಲಿ ಮಾಸ್ತರರು ನಲವತ್ತೆರಡು ಉತ್ತರಪತ್ರಿಕೆಗಳನ್ನು ಬರೆಸಿದರು.

"ತಿದ್ದಿದ್ದ್ರೋ, ತಿದ್ದಲಾರದ್ದ್ರೋ?" ಎಂದು ಗಾಳೆಪ್ಪ ಬಾಯಿ ಹಾಕಿದ.

"ತಿದ್ದಿದ್ದು ಅದಾವಪಾ. ತಿದ್ದಲಾರದ್ದನ್ನಷ್ಟ ಒಯ್ದಾವು."

"ಸರ, ಇದು..."

"ಗಾಳೆಪ್ಪಾ, ಇದು ಮೊದಲನೇ ಮೆಟ್ಟಲ," ಎಂದರು ಸರ. "ಸಂಶಯ ಎರಡನೇ ಮೆಟ್ಟಲದಾಗ ಬರ್ತದ."

ಅಷ್ಟರಲ್ಲಿ ಪ್ರೇಮಾಬಾಯಿ ಬಾಗಿಲಲ್ಲಿ ನಿಂತು, "ನಮ್ಮ ಬೆಳ್ಳಿ ಉದ್ಧರಣಿನೂ ಬರಕೊಳ್ರಿ, ದೀಪಾವಳಿಯಿಂದ ಕಾಣವಲ್ಲದು," ಎಂದರು. ಆ ಉದ್ಧರಣೆ ಬಾಗಲಕೋಟೆಯಲ್ಲಿ ಸರ ಅವರ ಮನೆಯ ದೇವರ ಮುಂದೆಯೇ ಇತ್ತು. ದೀಪಾವಳಿಗೆ ತವರಿಗೆ ಹೋದಾಗ ಕುಮುದಿನಿಬಾಯಿ ಅದನ್ನು ಸೀರೆಗಳ ನಡುವೆ ಇಟ್ಟುಕೊಂಡು ತಂದಿದ್ದರು. ಸರ ಅದರಿಂದಲೇ ದಿನಾ ಆಚಮನ ಮಾಡುತ್ತಿದ್ದರು. ಅವರು ನನ್ನ ಕಡೆ ನೋಡದೆ, "ಬರಕೋ," ಎಂದರು.

ನಾಲ್ಕು ಗಂಟೆಗೆ ಸಂಗಯ್ಯ ಬಂದರು. ಗಟಾರ ಕಟ್ಟಿಸುವ ಒಂದು ಕಚೇರಿಯ ಗೋದಾಮಿನ ಗುಮಾಸ್ತರು. ಯಾವ ಕಚೇರಿ ಎಂದು ಹೇಳಿ ನನಗೇನಾಗಬೇಕಾಗಿದೆ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಎಲೆ ಅಡಿಕೆ, ಕೈಯಲ್ಲಿ ಚಂದಾಗಿ ಬರೆದ ಒಂದು ಯಾದಿ.

"ನಮ್ಮದೂ ಒಂದೀಟ ಹೋಗೈತ್ರಿ ಪ್ರೊಫೆಸರ ಸಾಹೇಬ್ರ. ಹೆಚ್ಚೇನಿಲ್ಲ. ಹನ್ನೆರಡು ಚೀಲ ಸಿಮೆಂಟು."

ಗಾಳೆಪ್ಪ ನಕ್ಕುಬಿಟ್ಟ. "ಒಂದು ಚೀಲ ಎತ್ತಾಕ ಇಬ್ಬರು ಹಮಾಲರು ಬೇಕ್ರಿ. ಮಂಗ್ಯಾ ಹೆಂಗ ಒಯ್ಯತೈತಿ?"

ಸಂಗಯ್ಯ ಸಿಟ್ಟಾಗಲಿಲ್ಲ. ಎಲೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ, "ತಮ್ಮಾ, ಚೀಲ ಎತ್ತತಾವಂತ ಯಾರು ಅಂದ್ರು? ನಿಮ್ಮ ಹುಡುಗ ಮ್ಯಾಲೆ ಕುಂತು ಮಂಗ್ಯಾ ಎಷ್ಟು ಎಣಿಸಿದ?" ಎಂದು ಕೇಳಿದರು.

"ನೂರಾ ಎಂಬತ್ತು," ಎಂದ ನಜೀರ ಮಾಳಿಗೆಯಿಂದ.

"ನೂರಾ ಎಂಬತ್ತು. ಒಂದು ಮಂಗ್ಯಾ ಒಂದು ಮುಷ್ಟಿ ಸಿಮೆಂಟು ಒಯ್ಯಬಹುದೋ ಇಲ್ಲೋ?"

"ಒಂದು ಮುಷ್ಟಿ ಒಯ್ಯಬಹುದು," ಎಂದರು ಸರ, ಮುಂದಕ್ಕೆ ಬಗ್ಗಿ.

"ಇವತ್ತ ಒಂದು ಮುಷ್ಟಿ ಒಯ್ದದ್ದು ನಾಳಿಗೆ ಇನ್ನೊಂದು ಒಯ್ಯಬಹುದೋ ಇಲ್ಲೋ? ವರ್ಷಕ್ಕ ಎಷ್ಟು ದಿನ? ಗೋದಾಮಿನ ಕಿಡಕಿ ಮುರದು ಎರಡು ವರ್ಷ ಆತು."

ಸರ ಎದ್ದು ನಿಂತರು. ಎಂಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಅವರಿಗೆ ಇಂಥದೊಂದು ವಾದ ಮಾಡಿ ತೋರಿಸಿರಲಿಲ್ಲ. "ನೋಡ್ರೋ," ಎಂದರು ನಮಗೆ, "ಒಂದು ಮುಷ್ಟಿಯಿಂದ ಶುರು ಮಾಡಿ ಹೆಂಗ ಹನ್ನೆರಡು ಚೀಲಕ್ಕ ಬಂದರು! ಒಂದೊಂದು ಹೆಜ್ಜಿನೂ ಸರಿ ಅದ. ಇವರು ಕಾಲೇಜಿನಾಗ ಇರಬೇಕಾಗಿತ್ತು."

"ಬಡವರು, ಅದೆಲ್ಲಾ ಎಲ್ಲಿ ಬರಬೇಕ್ರಿ," ಎಂದರು ಸಂಗಯ್ಯ ವಿನಯದಿಂದ. "ತಾವು ಒಂದು ಸಹಿ ಹಾಕಿದ್ರ ಸಾಕು."

ಸರ ಸಹಿ ಹಾಕಿದರು. 'ತರ್ಕಶಾಸ್ತ್ರದ ಅಧ್ಯಾಪಕರು' ಎಂದು ಬರೆದರು. ಆಮೇಲೆ, ಯಾರೂ ಕೇಳದಿದ್ದರೂ, ಚೀಲದಿಂದ ಶಿಕ್ಕೆ ತೆಗೆದು ಒತ್ತಿದರು.

ಮೂರನೆಯ, ನಾಲ್ಕನೆಯ ಮೆಟ್ಟಿಲುಗಳು ಎರಡೇ ದಿನದಲ್ಲಿ ಮುಗಿದವು. ಕೆಂಪು ಮೋರೆಯ ಮಂಗಗಳು ಕರಿ ಮೋರೆಯ ಮುಸುವಕ್ಕೆ ಹೆದರುತ್ತವೆ ಎಂದು ಸರ ಎಲ್ಲಿಯೋ ಓದಿದ್ದರು. ನಜೀರ ಪ್ರೇಮಾಬಾಯಿಯ ಹಳೆಯ ಚಾದರದ ಮೇಲೆ ಇದ್ದಲಿಯಿಂದ ಒಂದು ದೊಡ್ಡ ಮುಸುವದ ಚಿತ್ರ ಬರೆದ. ಅದನ್ನು ಮಾಳಿಗೆಯ ಮೇಲೆ ಕಟ್ಟಿದೆವು. ಮಂಗಗಳು ಬಂದು ಅದರ ಎದುರಿಗೆ ಸಾಲಾಗಿ ಕುಳಿತು ಬಹಳ ಹೊತ್ತು ನೋಡಿದವು. ನಮ್ಮ ಕ್ಲಾಸಿನಲ್ಲಿ ಅಷ್ಟು ಶಾಂತತೆ ಎಂದೂ ಇರುತ್ತಿರಲಿಲ್ಲ. ಆಮೇಲೆ ಚಾದರವನ್ನು ಒಯ್ದವು. ವರದಿಯಲ್ಲಿ ಸರ 'ಪ್ರಯೋಗ ನಡೆದಿದೆ' ಎಂದು ಬರೆಸಿದರು.

ಮೂರು ವಾರಗಳ ಮೇಲೆ ಕಾಲೇಜಿಗೆ ಒಂದು ಹಳದಿ ಲಕೋಟೆ ಬಂತು. ಬಾದಾಮಿಯ ಒಂದು ಗೋದಾಮಿನಿಂದ ಹನ್ನೆರಡು ಚೀಲ ಸಿಮೆಂಟನ್ನು ಮಂಗಗಳು ಒಯ್ದ ಬಗ್ಗೆ ತಾವು ಲಿಖಿತ ಪ್ರಮಾಣ ಕೊಟ್ಟಿದ್ದೀರಿ. ಸ್ಥಳದ ಮೇಲೆ ವಿಚಾರಣೆ ಚೌಕಶಿ ಇದೆ. ಇಂಥ ದಿನ ತಪ್ಪದೆ ಹಾಜರಾಗತಕ್ಕದ್ದು. ಸಿಮೆಂಟು ಆಗ ಸುಲಭವಾಗಿ ಸಿಗುವ ಸಾಮಾನಾಗಿರಲಿಲ್ಲ. ಪರವಾನಗಿಯ ಮೇಲೆ ಬರುತ್ತಿತ್ತು. ಪ್ರಿನ್ಸಿಪಾಲರು ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು, "ಗಲಗಲಿಯವರ, ನಾ ನಿಮ್ಮನ್ನ ಸಮಸ್ಯಾ ಬಿಡಿಸಲಿಕ್ಕೆ ಕಳಿಸಿದ್ದೆ," ಎಂದರು.

ಕುಮುದಿನಿಬಾಯಿ ಅಷ್ಟು ಮೃದುವಾಗಿ ಹೇಳಲಿಲ್ಲ. "ಸಂಡಿಗಿ ಕಾಯಲಿಕ್ಕೆ ಹೋದವರು ಸಿಮೆಂಟಿನ ಖಟ್ಲೇದಾಗ ಸಿಕ್ಕೊಂಡು ಬಂದ್ರಿ! ಜೇಲಿಗೆ ಹೋದ್ರ ಡಬ್ಬಿ ಯಾರು ಒಯ್ದು ಕೊಡಬೇಕು?" ಎಂದವರೇ ಉದ್ಧರಣೆಯನ್ನು ದೇವರ ಮುಂದಿನಿಂದ ತೆಗೆದು ಟ್ರಂಕಿನಲ್ಲಿ ಹಾಕಿ ಕೀಲಿ ಹಾಕಿದರು.

ಆ ದಿನ ನಾವು ಮೂವರೂ ಸರ ಅವರ ಸಂಗಡ ಬಾದಾಮಿಗೆ ಹೋದೆವು. ಚೌಕಶಿಯ ಸಾಹೇಬರು ವಿಜಾಪುರದಿಂದ ಬಂದಿದ್ದರು. ದಪ್ಪ ಗಾಜಿನ ಚಾಳೀಸು, ಕಪ್ಪು ಛತ್ರಿ. ಅವರು ಕಾಗದದ ಮೇಲೆ ನಂಬಿಕೆಯುಳ್ಳವರು. ಮಂಗಗಳು ಸಿಮೆಂಟು ಒಯ್ಯುತ್ತವೆ ಎಂದು ಒಬ್ಬ ಪ್ರೊಫೆಸರರು ಬರೆದುಕೊಟ್ಟ ಮೇಲೆ ಅದನ್ನು ಕಣ್ಣಿನಿಂದ ನೋಡಿ ದಾಖಲು ಮಾಡುವುದಷ್ಟೇ ತಮ್ಮ ಕೆಲಸ ಎಂದರು. ಕೆರೆಯ ಪಾವಟಿಗೆಗಳ ಮೇಲೆ ಒಂದು ಸಿಮೆಂಟಿನ ಚೀಲವನ್ನು ಬಾಯಿ ಬಿಚ್ಚಿ ಇಡಿಸಿದರು. ಎದುರಿಗೆ ಕುರ್ಚಿ ಹಾಕಿಸಿಕೊಂಡು ಛತ್ರಿ ಬಿಡಿಸಿದರು. ಅವರ ಕಾರಕೂನನಿಗೆ ಜ್ವರ ಬಂದಿದ್ದರಿಂದ ಬರೆಯಲು ನನ್ನನ್ನು ಕೂಡಿಸಿದರು.

ಸುದ್ದಿ ಊರಿಗೆಲ್ಲ ಮುಟ್ಟಿತು. ನಡೆಯಬಲ್ಲವರೆಲ್ಲ ಬಂದರು, ನಡೆಯಲಾರದವರನ್ನು ಹೊತ್ತು ತಂದರು. ಅಂಗಡಿಗಳವರು ಅಂಗಡಿ ಬಿಟ್ಟು ಬಂದರು. ಪ್ರೇಮಾಬಾಯಿ ಒಲೆಯ ಮೇಲೆ ಅನ್ನವಿಟ್ಟು ಬಂದು ಅಳಿಯನಿಗೆ ಕಾಣುವಂತೆ ಮುಂದಿನ ಸಾಲಿನಲ್ಲಿ ಕುಳಿತರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು. ಬಂಡೆಗಳ ಮೇಲೆ ಬಿಸಿಲು ಇಳಿಯಿತು. ಒಂದು ಮಂಗವೂ ಬರಲಿಲ್ಲ. ಯಾವ ಗಿಡದಲ್ಲಿಯೂ ಇಲ್ಲ, ಯಾವ ಗುಡಿಯ ಮೇಲೂ ಇಲ್ಲ. ಹುಟ್ಟಿದಾಗಿನಿಂದ ಹೀಗೆ ಕಂಡಿಲ್ಲ ಎಂದು ಮುದುಕರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರು.

ಒಂದು ಗಂಟೆಗೆ ಸಾಹೇಬರು ಗಡಿಯಾರ ನೋಡಿ ನನಗೆ ಹೇಳಿದರು: "ಬರಕೋರಿ. ಮೂರು ತಾಸು ಪರಿಶೀಲನಾ ಮಾಡಲಾಗಿ ಬಾದಾಮಿಯಲ್ಲಿ ಮಂಗಗಳಿಲ್ಲ."

ಸರ ಗಾಬರಿಯಾಗಿ ಎದ್ದರು. "ಸಾಹೇಬ್ರ, ಕಾಣಲಿಲ್ಲ ಅಂದ್ರ ಇಲ್ಲ ಅಂತ ಆಗೂದಿಲ್ಲರಿ! ಇದಕ್ಕ ತರ್ಕಶಾಸ್ತ್ರದಾಗ..."

"ಶಾಸ್ತ್ರ ಕಾಲೇಜಿನಾಗ ಇರಲಿ. ಇದು ಪಂಚನಾಮೆ. ಇನ್ನ ಮುಂದಿಂದು ನೀವ ಹೇಳ್ರಿ, ತರ್ಕ ಕಲಿಸಾವ್ರು. ಮಂಗ ಸಿಮೆಂಟ ಒಯ್ದವು ಅಂತ ನೀವು ಬರದುಕೊಟ್ಟೀರಿ. ಮಂಗ ಇಲ್ಲ ಅಂತ ಈಗ ಸಾಬೀತಾತು. ಅಂದಮ್ಯಾಲ ಸಿಮೆಂಟ ಎಲ್ಲಿ ಹೋತು ಅಂತ ಯಾರನ್ನ ಕೇಳಬೇಕು?"

ಸರ ಆ ವಾದವನ್ನು ಬೆರಳ ಮೇಲೆ ಎಣಿಸಿ ನೋಡಿದರು. ಅದರಲ್ಲಿ ಅವರಿಗೆ ತಪ್ಪು ಕಾಣಲಿಲ್ಲ. ಮತ್ತೆ ಕುಳಿತುಕೊಂಡರು.

ಐದು ಜನ ಪಂಚರು ಮುಂದೆ ಬಂದರು. ದುರಗಪ್ಪ ಸಹಿ ಹಾಕಿದ. ಉತ್ತರಪತ್ರಿಕೆಯ ಮಾಸ್ತರರು ಸಹಿ ಹಾಕಿದರು. ಹನಮವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತ, "ಸಾಹೇಬ್ರಿಗೆ ಕಾಣಲಿಲ್ಲ ಅಂದಮ್ಯಾಲ ನಮ್ಮಂಥವರಿಗೆ ಹೆಂಗ ಕಾಣಬೇಕ್ರಿ," ಎಂದಳು.

ಜನ ಚದುರಿ ಮನೆಗಳಿಗೆ ಹೋದರು. ಐದು ನಿಮಿಷದಲ್ಲಿ ಓಣಿ ಓಣಿಗಳಿಂದ ಬೊಬ್ಬೆ ಕೇಳಿಸಿತು. ಇಡೀ ಊರು ಕೆರೆಯ ದಂಡೆಯಲ್ಲಿ ಮಂಗಗಳ ದಾರಿ ಕಾಯುತ್ತ ಕುಳಿತಿದ್ದಾಗ ಮಂಗಗಳು ಊರಿನಲ್ಲಿ ಇದ್ದವು. ಪ್ರೇಮಾಬಾಯಿಯ ಅನ್ನದ ಪಾತ್ರೆ ಅಂಗಳದಲ್ಲಿತ್ತು, ಹಿಟ್ಟಿನ ಡಬ್ಬಿ ಬಾವಿಯಲ್ಲಿತ್ತು. ಹನಮವ್ವನ ಹತ್ತಿರ ಉಳಿದದ್ದು ಹೆಬ್ಬೆಟ್ಟಿನ ಮಸಿ ಮಾತ್ರ. ಅಂಗಡಿಗಳ ಬೆಲ್ಲ, ಶೇಂಗಾ, ಬಾಳೆಹಣ್ಣು ಒಂದೂ ಉಳಿದಿರಲಿಲ್ಲ. ಅರ್ಧ ತಾಸಿನ ಮೇಲೆ ಜನ ಒಟ್ಟಾಗಿ ಸಾಹೇಬರನ್ನು ಹುಡುಕಿ ಹೊರಟರು. ಸರ ಎಲ್ಲರಿಗಿಂತ ಮುಂದೆ ಇದ್ದರು. ಅವರ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಸಾಹೇಬರು ಸಂಗಯ್ಯನ ಮನೆಯ ಕಟ್ಟೆಯ ಮೇಲೆ ಊಟ ಮುಗಿಸಿ ಎಲೆ ಹಾಕಿಕೊಳ್ಳುತ್ತಿದ್ದರು.

"ಸಾಹೇಬ್ರ, ಮಂಗ ಅದಾವ್ರಿ! ಊರ ತುಂಬ ಅದಾವ್ರಿ!" ಎಂದರು ಸರ.

"ಪಂಚನಾಮೆ ಮುಗದದ," ಎಂದರು ಸಾಹೇಬರು. ಆಗಲೇ ಒಂದು ದೊಡ್ಡ ಗಂಡು ಮಂಗ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡು ಎದುರಿನ ಗೋಡೆಯ ಮೇಲೆ ಬಂದು ಕುಳಿತಿತು. ಸಾಹೇಬರು ಚಾಳೀಸಿನ ಮೇಲಿನಿಂದ ಅದನ್ನು ನೋಡಿದರು. ಅದೂ ಅವರನ್ನು ನೋಡಿತು. "ಇದು ಪಂಚನಾಮೆ ಆದಮ್ಯಾಲ ಬಂದದ್ದು," ಎಂದರು.

ಗಾಳೆಪ್ಪ ಗೋಡೆಯ ಕಡೆ ನೋಡುತ್ತಿರಲಿಲ್ಲ. ಕೆಳಗೆ ಕುಕ್ಕುರುಗಾಲಲ್ಲಿ ಕುಳಿತು ಕಟ್ಟೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಹೊಸ ಕಟ್ಟೆ. ಮನೆಯ ಉದ್ದಕ್ಕೂ ಕಟ್ಟಿದ್ದು, ಕನ್ನಡಿಯಂತೆ ನುಣ್ಣಗೆ ಸಿಮೆಂಟಿನ ಗಿಲಾವು. ಓಣಿಯ ಉಳಿದ ಮನೆಗಳೆಲ್ಲ ಮಣ್ಣಿನವು.

"ಸರ," ಎಂದ ಗಾಳೆಪ್ಪ, "ನಾವು ಬಿಟ್ಟ ಎರಡನೇ ಮೆಟ್ಟಲಾ ಇಲ್ಲೈತ್ರಿ. ಹನ್ನೆರಡು ಚೀಲ ಇಲ್ಲೇ ಅದಾವ."

ಸುತ್ತಲಿನ ಜನರ ಮುಖ ನೋಡಿದಾಗ ನನಗೆ ತಿಳಿಯಿತು: ಇದು ಬಾದಾಮಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರು ಸರ ಮತ್ತು ನಾವು ಮಾತ್ರ. ಪ್ರೇಮಾಬಾಯಿ ಅಳಿಯನ ಕಿವಿಯ ಹತ್ತಿರ ಬಂದು, "ಸುಮ್ಮನಿರ್ಲಿಕ್ಕೆ ಹೇಳ್ರಿ ಆ ಹುಡುಗಗ. ಸಂಜೀ ಮುಂದ ನಾವೆಲ್ಲಾ ಇದ ಕಟ್ಟಿ ಮ್ಯಾಲೆ ಕೂಡ್ತೇವಿ," ಎಂದರು.

ಸಂಗಯ್ಯ ಎಲ್ಲರಿಗಿಂತ ಸಮಾಧಾನವಾಗಿದ್ದರು. "ಪ್ರೊಫೆಸರ ಸಾಹೇಬ್ರಿಗೆ ತ್ರಾಸ ಆಗಬಾರದ್ರಿ," ಎಂದು ಸಾಹೇಬರಿಗೆ ಹೇಳಿದರು. "ನಾ ಒಂದು ಹೇಳ್ತೇನಿ, ತಪ್ಪಿದ್ರ ತಿದ್ರಿ. ಮಂಗ್ಯಾ ಮೊದಲ ಇದ್ದುವು. ಆವಾಗ ಸಿಮೆಂಟ ಒಯ್ದುವು. ಆಮ್ಯಾಲೆ ಪ್ರೊಫೆಸರ ಸಾಹೇಬ್ರು ಬಂದು ಪ್ರಯೋಗ ಮಾಡಿ ಎಲ್ಲಾ ಮಂಗ್ಯಾ ಓಡಿಸಿದ್ರು. ಅದಕ್ಕ ಇವತ್ತ ಒಂದೂ ಕಾಣಲಿಲ್ಲ. ಅವರು ಬರದದ್ದೂ ಖರೆ, ನೀವು ಬರದದ್ದೂ ಖರೆ. ಸಿಮೆಂಟ ಹೋತು, ಮಂಗ್ಯಾನೂ ಹೋದುವು, ಫಾಯಿಲ ಬಂದ್ ಆತು."

ಸಾಹೇಬರು ಎಲೆಗೆ ಇನ್ನಷ್ಟು ಸುಣ್ಣ ಹಚ್ಚಿಕೊಂಡರು. "ಇದಕ್ಕ ಪ್ರೊಫೆಸರರದೊಂದು ಸಹಿ ಬೇಕಾಗ್ತದ," ಎಂದರು.

ಗೋಡೆಯ ಮೇಲಿನ ಮಂಗ ರೊಟ್ಟಿ ತಿಂದು ಮುಗಿಸಿತು. ಸರ ಕಾಗದವನ್ನು ಮೂರು ಸಲ ಓದಿದರು. ಸಹಿ ಹಾಕದಿದ್ದರೆ ಸುಳ್ಳು ಪ್ರಮಾಣದ ಖಟ್ಲೆ. ಹಾಕಿದರೆ ಖಟ್ಲೆ ಇಲ್ಲ, ವರದಿ ಯಶಸ್ವಿ, ಮೂವರಿಗೂ ಅಂಕ, ಜೂನಿನಲ್ಲಿ ಕಾಯಂ. ಅವರ ಹಣೆಯಿಂದ ಒಂದು ಹನಿ ಬೆವರು ಕಾಗದದ ಮೇಲೆ ಬಿತ್ತು. ಅದನ್ನು ತೋಳಿನಿಂದ ಒರೆಸಿ, ಅದೇ ಜಾಗದಲ್ಲಿ ಸಹಿ ಹಾಕಿದರು.

ಮರಳುವ ರೈಲಿನಿಂದ ಬಾಗಲಕೋಟೆಯಲ್ಲಿ ಇಳಿಯುವಾಗ ಸರ, "ಗಾಳೆಪ್ಪಾ, ಅವರ ವಾದದಾಗ ತಪ್ಪಿಲ್ಲಪಾ," ಎಂದರು.

"ಖರೇನೂ ಇಲ್ಲರಿ ಸರ," ಎಂದ ಗಾಳೆಪ್ಪ.

ಮಾರ್ಚಿನಲ್ಲಿ ಪರೀಕ್ಷಕರು ಬಂದರು. ಸೂಟು ಬೂಟಿನ ದೊಡ್ಡ ಮನುಷ್ಯರು. ನಮ್ಮ ಮೂವರ ಸಹಿಯ ವರದಿಯನ್ನು ರೈಲಿನಲ್ಲಿಯೇ ಓದಿಕೊಂಡು ಬಂದಿದ್ದರು. ಬಿ.ಎ. ಹುಡುಗರು ಕೇವಲ ಯೋಚನೆಯ ಬಲದಿಂದ ನೂರಾ ಎಂಬತ್ತು ಮಂಗಗಳನ್ನು ಒಂದು ಊರಿನಿಂದ ಹೊರಗೆ ಹಾಕಿದ್ದು, ಅದಕ್ಕೆ ಸರಕಾರದ ಪಂಚನಾಮೆಯೇ ಸಾಕ್ಷಿ ಇದ್ದದ್ದು ಕಂಡು ಅವರಿಗೆ ಆನಂದ ಹಿಡಿಸಲಾರದಷ್ಟಾಗಿತ್ತು. ಉಳಿದ ಕಾಲೇಜುಗಳಿಗೂ ಇದನ್ನು ಮಾದರಿ ಎಂದು ಕಳಿಸುತ್ತೇನೆ ಎಂದರು. ಪ್ರಿನ್ಸಿಪಾಲರು ಸರ ಅವರ ಭುಜದ ಮೇಲೆ ಕೈ ಇಟ್ಟರು. ಎಂಟು ವರ್ಷಗಳಲ್ಲಿ ಅದು ಮೊದಲ ಸಲ.

ಸರ ಮತ್ತು ಪ್ರಿನ್ಸಿಪಾಲರ ಎದುರಿಗೆ ನಮ್ಮ ಮೂವರನ್ನೂ ಒಟ್ಟಿಗೆ ಪರೀಕ್ಷೆಗೆ ಕರೆದರು. "ಈ ಕೆಲಸದಿಂದ ನೀವೇನು ಕಲಿತಿರಿ?" ಎಂಬುದೊಂದೇ ಪ್ರಶ್ನೆ. ನಜೀರನಿಗೆ ಕೆಮ್ಮು ಹತ್ತಿತು. ಅದು ಎಷ್ಟಕ್ಕೂ ನಿಲ್ಲದ್ದರಿಂದ ಅವನಿಗೆ ಪಾಸಿನ ಅಂಕ ಕೊಟ್ಟು ನೀರು ಕುಡಿಯಲು ಕಳಿಸಿದರು. ನಾನು ನಾಲ್ಕು ಮೆಟ್ಟಿಲುಗಳನ್ನು ಹೇಳಿದೆ, ಪಂಚನಾಮೆಯ ತಾರೀಖು ಹೇಳಿದೆ, ಬಾದಾಮಿಯ ಜನರ ಕೃತಜ್ಞತೆಯನ್ನೂ ಸ್ವಲ್ಪ ಹೇಳಿದೆ. ಪರೀಕ್ಷಕರು ತಲೆದೂಗಿದರು.

ಗಾಳೆಪ್ಪ ಎದ್ದು ನಿಂತು, "ಸರ, ಮಂಗ್ಯಾ ಎಲ್ಲೂ ಹೋಗಿಲ್ಲರಿ. ಸಿಮೆಂಟ ಒಂದು ಕಟ್ಟಿಯೊಳಗೈತಿ. ನಾವು ಏನೂ ಬಗೀಹರಿಸಿಲ್ಲ," ಎಂದ.

ಪರೀಕ್ಷಕರು ವರದಿಯ ಕೊನೆಯ ಪುಟ ತೆರೆದರು. "ಇದು ನಿನ್ನ ಸಹಿ ಹೌದಲ್ಲೋ?"

"ಹೌದ್ರಿ. ಅಲ್ಲಿ ಮಾಡಬಾರದಾಗಿತ್ತು."

"ಪರೀಕ್ಷಾ ಇರೂದು ವರದಿ ಮ್ಯಾಲೆ, ತಮ್ಮಾ. ಬಾದಾಮಿ ಮ್ಯಾಲೆ ಅಲ್ಲ." ಆಮೇಲೆ ಅವರು ಸರ ಅವರ ಕಡೆ ತಿರುಗಿದರು. "ಪ್ರೊಫೆಸರ ಗಲಗಲಿ, ಈ ಇಬ್ಬರೊಳಗ ಯಾರು ಹೇಳಿದ್ದು ಸರಿ?"

ಪ್ರಿನ್ಸಿಪಾಲರು ಸರ ಅವರನ್ನು ನೋಡಿದರು. ನಾನೂ ನೋಡಿದೆ. ನನ್ನ ಕಣ್ಣಿನಲ್ಲಿ ಏನಿತ್ತೋ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಸರ ಟೊಪ್ಪಿಗೆ ತೆಗೆದು ಮೇಜಿನ ಮೇಲೆ ಇಟ್ಟರು.

"ಗಾಳೆಪ್ಪ ಹೇಳಿದ್ದು ಖರೆ ಅದರಿ. ನಾ ಬರದದ್ದು ಸುಳ್ಳು," ಎಂದರು.

ಇದರಿಂದ ಗಾಳೆಪ್ಪನಿಗೆ ಉಪಯೋಗವಾಯಿತೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ತನ್ನ ಸಹಿಯ ವಿರುದ್ಧ ತಾನೇ ಮಾತಾಡಿದ ವಿದ್ಯಾರ್ಥಿಗೆ ವೃತ್ತಿಬುದ್ಧಿ ಬೆಳೆದಿಲ್ಲ ಎಂದು ಪರೀಕ್ಷಕರು ಸೊನ್ನೆ ಕೊಟ್ಟರು. ನನ್ನ ಮಾತು ವರದಿಗೆ ಅಕ್ಷರಶಃ ಹೊಂದಿದ್ದರಿಂದ ನನಗೆ ಎಲ್ಲರಿಗಿಂತ ಹೆಚ್ಚು. ವರದಿಯನ್ನು ಮಾದರಿ ಎಂದು ಕಳಿಸಲಿಲ್ಲ, ಸುಳ್ಳು ಎಂದು ಹರಿದು ಹಾಕಲೂ ಇಲ್ಲ. ಅದನ್ನು ಕಪಾಟಿನಲ್ಲಿ ಇಟ್ಟರು. ಆ ಜೂನಿನಲ್ಲಿ ಸರ ಅವರ ನೌಕರಿ ಎಂದಿನಂತೆ ಮುಗಿಯಿತು. ಜುಲೈಗೆ ಮತ್ತೆ ಹುಟ್ಟುವುದಿಲ್ಲ ಎಂದು ಪ್ರಿನ್ಸಿಪಾಲರು ಮುಂಚೆಯೇ ಹೇಳಿಕಳಿಸಿದರು.

ಆ ಸೊನ್ನೆಯಿಂದ ಗಾಳೆಪ್ಪ ಫೇಲಾದ. ಫಲಿತಾಂಶ ಬಂದ ದಿನ ನಾನು ಒಂದು ಡಬ್ಬಿ ಪೇಡೆ ತೆಗೆದುಕೊಂಡು ಅವರ ಮನೆಗೆ ಹೋದೆ. ಮನೆಯ ಮುಂದೆ ಚಕ್ಕಡಿ ನಿಂತಿತ್ತು. ಸಾಮಾನು ಹೇರುತ್ತಿದ್ದರು. ಕುಮುದಿನಿಬಾಯಿ ನನ್ನನ್ನು ನೋಡಿ ಒಳಗೆ ಹೋದರು. ಸರ ಒಂದು ಪೇಡೆ ಬಾಯಿಗೆ ಹಾಕಿಕೊಂಡು, "ಛಲೋ ಆತಪಾ," ಎಂದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಗಾಳೆಪ್ಪಗ ಕೊಟ್ಟ್ಯಾ?"

"ಇಲ್ಲರಿ."

"ಊರಿಗೆ ಹೊಂಟಾನ. ಹೋಗು, ಕೊಟ್ಟು ಬಾ."

ಬಸ್ ಸ್ಟ್ಯಾಂಡಿನಲ್ಲಿ ಹುನಗುಂದದ ಬಸ್ಸು ಆಗಲೇ ಶುರುವಾಗಿ ನಡುಗುತ್ತಿತ್ತು. ಗಾಳೆಪ್ಪ ಕಿಡಕಿಯ ಹತ್ತಿರ ಹಾಸಿಗೆ ಸುರುಳಿ ತೊಡೆಯ ಮೇಲಿಟ್ಟು ಕುಳಿತಿದ್ದ. ನಾನು ಡಬ್ಬಿ ಮೇಲೆತ್ತಿ ಹಿಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

ಅವನು ಒಂದು ಪೇಡೆ ತೆಗೆದು ತಿಂದ. "ಛಲೋ ಐತಿ," ಎಂದ. ಆಮೇಲೆ ಟವೆಲ್ಲಿನ ತುದಿಯನ್ನು ಬಿಚ್ಚಿ ಮುಂದೆ ಹಿಡಿದ. "ಇನ್ನೊಂದು ನಾಕು ಹಾಕಲೇ. ನಮ್ಮವ್ವಗ ಒಯ್ತೇನಿ."

ನಾನು ಹಾಕಿದೆ. "ಪೇಡೆ ನೋಡಿ ನಿಮ್ಮವ್ವ ನೀ ಪಾಸಾಗೀದಿ ಅಂತ ತಿಳಕೋತಾಳಲ್ಲೋ?"

ಗಾಳೆಪ್ಪ ಟವೆಲ್ಲಿನ ತುದಿಗೆ ಗಂಟು ಹಾಕಿದ, ಗಟ್ಟಿಯಾಯಿತೋ ಇಲ್ಲವೋ ಎಂದು ಜಗ್ಗಿ ನೋಡಿದ.

"ನಾ ಏನೂ ಹೇಳಂಗಿಲ್ಲ," ಎಂದ. "ಪೇಡೆ ಕೊಡ್ತೇನಿ, ಅಷ್ಟ."

ಬಸ್ಸು ಹೊರಟಿತು.